ನದೀಮಾತೃಕವೂ ದೇವಮಾತೃಕವೂ

ಅಮರಕೋಶದ ಭೂಮಿವರ್ಗದಲ್ಲಿ ಪೈರಿಗೆ ಒದಗುವ ನೀರನ್ನು ನೋಡಿ ನಾಡುಗಳನ್ನು ಎರಡು ಬಗೆಯಾಗಿ ಹೆಸರಿಸಿದೆ. ಹೊಳೆಯ ನೀರಿನಿಂದ ಬೆಳೆಯುವ ನಾಡು ನದೀಮಾತೃಕ. ಮಳೆಯ ನೀರಿನಿಂದ ಬೆಳೆಯುವ ನಾಡು ದೇವಮಾತೃಕ. ಒಂದಕ್ಕೆ ನದಿಯೇ ತಾಯಿ. ಇನ್ನೊಂದಕ್ಕೆ ಮಳೆಗರೆಯುವ ದೇವನೇ ತಾಯಿ. ಪಾಠಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡುವ ಬಾಲಕರು ಇವೆರಡೂ ಒಂದಕ್ಕೊಂದು ದೂರವಾದ ಎರಡು ದೇಶಗಳೆಂದು ಭಾವಿಸಿಕೊಳ್ಳುವುದು ಸಹಜ. ಆದರೆ ಮಂಡ್ಯ ಜಿಲ್ಲೆಯಲ್ಲಿ ಈ ಎರಡು ತಾಯಂದಿರ ಮಕ್ಕಳೂ ಒಂದೇ ತಾಲ್ಲೂಕಿನಲ್ಲಿ, ಕೆಲವೆಡೆ ಒಂದೇ ಊರಿನಲ್ಲಿ ಬಾಳುತ್ತಿದ್ದಾರೆ. ಅವರ ನಡುವಣ ಗಡಿಯು ಬೆಟ್ಟವೂ ಅಲ್ಲ, ಕಾಡೂ ಅಲ್ಲ. ಒಂದು ಕಾಲುವೆಯ ಏರಿ. ಮೋಟಾರಿನಲ್ಲಿ ಹೋಗುವವನಿಗೆ ಆ ಗಡಿಯು ಕಣ್ಣಿಗೆ ಬೀಳುವ ಮೊದಲೇ ಹಿಂದೆ ಸರಿದಿರುತ್ತದೆ. ನಡೆದು ಹೋಗುವವನಿಗೆ ಒಂದು ದಿನದಲ್ಲಿ ಎರಡು ಸೀಮೆಗಳನ್ನೂ ಕಂಡು ಮನೆಗೆ ಹಿಂದಿರುಗುವುದು ಆಗದು. ಬೈಸಿಕಲ್ಲಿನ ಮೇಲೆ ಹೋಗುವವನಿಗೆ ಮಾತ್ರ ಅದು ಚೆನ್ನಾಗಿ ತಿಳಿಯುತ್ತದೆ. ಅದೂ ಕಣ್ಣಿಗಿಂತ ಮೊದಲು ಕಾಲಿಗೆ ತಿಳಿಯುತ್ತದೆ.

ಇದಕ್ಕೆ ಕಾರಣವುಂಟು. ಕಾಲುವೆಯ ನೀರು ಗುಡ್ಡದ ಮಗ್ಗುಲನ್ನು ಬಳಸಿಕೊಂಡು, ಕಣ್ಣಿಗೆ ಕಾಣದಷ್ಟು ಸಣ್ಣ ಇಳಿಜಾರಿನಲ್ಲಿ ಹರಿಯುತ್ತದೆ. ಅದರ ಕೆಳಗಿನ ನೆಲಕ್ಕೆ ತೂಬಿನಿಂದ ನೀರು ತಾನಾಗಿ ಇಳಿಯುತ್ತದೆ. ಒಂದು ಮೊಳ ಮೇಲಿರುವ ನೆಲಕ್ಕೆ ಇಳಿಯುವುದಿಲ್ಲ. ಬೈಸಿಕಲ್ಲಿಗೂ ಇದೇ ನಿಯಮ. 1885ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿಯು ಸರಪಣಿಯಿಂದ ಹಿಂದಿನ ಚಕ್ರವನ್ನು ತಿರುಗಿಸುವ ಗಾಡಿಯನ್ನು ಮಾಡಿದನು. 1888ರಲ್ಲಿ ಡನ್‌ಲಪ್ಪನು ಅಂಥ ಗಾಡಿಗಳಿಗೆ ಒದಗುವ ಗಾಳಿ ತುಂಬಿದ ಟೈರನ್ನು ಕಂಡುಹಿಡಿದನು. ಅಂದಿನಿಂದ ಸಾಮಾನ್ಯ ಮನುಷ್ಯನು ಸಮನೆಲದಲ್ಲಿ ಕುದುರೆಯ ಹಂಗಿಲ್ಲದೆ ಓಡಬಲ್ಲವನಾದನು. ಆದರೆ ಏರನ್ನು ಏರು ಅಲ್ಲವೆನ್ನಿಸುವ ಯುಕ್ತಿ ಯಾರಿಗೂ ಹೊಳೆಯಲಿಲ್ಲ. ನೀರು ಎಲ್ಲಿ ಹತ್ತಲಾರದೋ ಅಲ್ಲಿ ಸವಾರನ ಉಸಿರೂ ಕಟ್ಟುತ್ತದೆ.

ಮೈಸೂರಿನ ಒಂದು ಕಚೇರಿಯಲ್ಲಿ ಲೆಕ್ಕಪತ್ರಗಳನ್ನು ನೋಡಿಕೊಂಡಿರುವ ಗೃಹಸ್ಥರೊಬ್ಬರು, ಐವತ್ತನ್ನು ದಾಟಿದವರು, ಧನುರ್ಮಾಸದ ಒಂದು ಭಾನುವಾರ ಈ ಗಡಿಯನ್ನು ಹೀಗೆ ದಾಟಿದರು. ಅವರ ತಂದೆಯವರು ಮೇಲುಕೋಟೆಯ ಬೆಟ್ಟ ಕಾಣಿಸುವ ಒಂದು ಹಳ್ಳಿಯಲ್ಲಿ ಬೇಸಾಯ ಮಾಡಿಕೊಂಡಿದ್ದವರು. ಅವರು ಬಿಟ್ಟುಹೋದ ಎರಡು ಎಕರೆ ಹೊಲವು ಅಣ್ಣತಮ್ಮಂದಿರಿಬ್ಬರ ಹೆಸರಿನಲ್ಲಿತ್ತು. ದೊಡ್ಡಪ್ಪನ ಮಗನು ಅದನ್ನು ಉತ್ತು ಬಿತ್ತು, ವರ್ಷಕ್ಕೆ ಒಂದೆರಡು ಮೂಟೆ ರಾಗಿಯನ್ನು ಮೈಸೂರಿಗೆ ಕಳುಹಿಸಿಕೊಡುತ್ತಿದ್ದನು. ಬೆಂಗಳೂರಿನಲ್ಲಿರುವ ಅಣ್ಣನವರು ಕೊಳ್ಳುವವರೊಬ್ಬರನ್ನು ಗೊತ್ತುಮಾಡಿ, ಕ್ರಯಪತ್ರಕ್ಕೆ ರುಜು ಹಾಕಲು ಬರಬೇಕೆಂದು ಹೇಳಿಕಳುಹಿಸಿದ್ದರು. ರುಜು ಹಾಕುವ ಮುಂಚೆ ಹೊಲವನ್ನೊಮ್ಮೆ ನೋಡಿಬರೋಣವೆಂದು ಇವರು ಹೊರಟದ್ದು. ಬಸ್ಸಿಗೇನೂ ಕೊರತೆಯಿರಲಿಲ್ಲ. ಆದರೆ ಕಾಲೇಜಿಗೆ ಸೇರಿದಾಗ ತಂದೆಯವರು ರಾಗಿಯನ್ನು ಮಾರಿ ಕೊಡಿಸಿದ್ದ ಬೈಸಿಕಲ್ಲು ಮನೆಯಲ್ಲಿತ್ತು. ಗೇರುಗೀರುಗಳಿಲ್ಲದ, ಹಿಂದೆ ಕ್ಯಾರಿಯರು ಇರುವ, ಕಪ್ಪು ಬಣ್ಣದ ಭಾರವಾದ ಗಾಡಿ. ಹಳ್ಳಿಗಳಲ್ಲಿ ಹಾಲಿನ ಕ್ಯಾನನ್ನೂ ಹುಲ್ಲಿನ ಹೊರೆಯನ್ನೂ ಹೊರುವಂಥದು. ಹೋಗಿಬರಲು ನೂರು ಕಿಲೋಮೀಟರಿಗೆ ಕಡಮೆಯಿಲ್ಲ. ಆ ಹೊಲದ ರಾಗಿಯಿಂದ ಬಂದ ಗಾಡಿಯ ಮೇಲೆಯೇ ಆ ಹೊಲವನ್ನು ನೋಡಿಬರುವುದು ನ್ಯಾಯವೆಂದು ಅವರಿಗೆ ತೋರಿತು.

ಇನ್ನೂ ಕತ್ತಲಿರುವಾಗಲೇ ಅವರು ಮೈಸೂರನ್ನು ಬಿಟ್ಟರು. ಬೆಂಗಳೂರು ಮೈಸೂರುಗಳ ನಡುವಣ ಹೊಸ ಹೆದ್ದಾರಿಯ ಉದ್ಘಾಟನೆಯು 2023ರ ಮಾರ್ಚಿಯಲ್ಲಿ ಆಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ನಡುಪಥದಲ್ಲಿ ಮೋಟಾರ್ ಸೈಕಲ್ಲು, ಆಟೋರಿಕ್ಷಾ, ಟ್ರಾಕ್ಟರುಗಳಿಗೂ, ಯಂತ್ರವಿಲ್ಲದ ಗಾಡಿಗಳಿಗೂ ಪ್ರವೇಶವಿಲ್ಲವೆಂದಾಯಿತು. ಆದ್ದರಿಂದ ಕಬ್ಬು ಹೇರಿದ ಟ್ರಾಕ್ಟರು, ಎತ್ತಿನ ಗಾಡಿ, ಬೈಸಿಕಲ್ಲು ಇವೆಲ್ಲ ಮಗ್ಗುಲಿನ ದಾರಿಯಲ್ಲಿ ಒಂದೇ ಪಂಕ್ತಿಗೆ ಬಿದ್ದಿವೆ. ಬೈಸಿಕಲ್ಲಿನವನಿಗೆ ಇದರಿಂದ ನಷ್ಟವಾಯಿತೆಂದು ಹೇಳುವಂತಿಲ್ಲ. ರೈತನ ಸರಕೆಲ್ಲ ಅವನ ಪಕ್ಕದಲ್ಲಿಯೇ ಸಾಗುತ್ತದೆ. ಯಾರ ಗಾಡಿಯಲ್ಲಿ ಏನಿದೆಯೆಂಬುದು ಮೂಗಿಗೇ ತಿಳಿಯುತ್ತದೆ.

ಶ್ರೀರಂಗಪಟ್ಟಣದಲ್ಲಿ ಕಾವೇರಿಯನ್ನು ದಾಟುವಾಗ ಮೂಡಲು ಕೆಂಪಾಗಿತ್ತು. ನದಿಯ ಮೇಲೆ ಮಂಜು ಹಾಸಿತ್ತು. ದೇವಸ್ಥಾನದ ಕಡೆಯಿಂದ ಗಂಟೆಯ ಸದ್ದು ಬರುತ್ತಿತ್ತು. ದ್ವೀಪದ ಆಚೆಗೆ ಹೊಳೆಯ ಇನ್ನೊಂದು ಕವಲನ್ನು ದಾಟಿ, ಕಿರಂಗೂರಿನ ಬಳಿ ಎಡಕ್ಕೆ ತಿರುಗಿದರೆ ಪಾಂಡವಪುರದ ರಸ್ತೆ. ಅಲ್ಲಿಂದ ಮುಂದೆ ಎಲ್ಲಿ ನೋಡಿದರೂ ನದೀಮಾತೃಕ. ಬತ್ತ ಕೊಯ್ದ ಗದ್ದೆಗಳಲ್ಲಿ ಕೂಳೆಯ ಮೇಲೆ ಇಬ್ಬನಿ, ಕೊಯ್ಯದೆ ಉಳಿದ ಗದ್ದೆಗಳಲ್ಲಿ ತೆನೆ ಬಾಗಿ ಹೊಂಬಣ್ಣ, ನಡುನಡುವೆ ಆಳೆತ್ತರವನ್ನು ಮೀರಿದ ಕಬ್ಬು, ಅದರಾಚೆ ತೆಂಗು. ಊರೂರಿನ ಹಾಲಿನ ಸಂಘದ ಮುಂದೆ ಹೆಂಗಸರು ಕೈಯಲ್ಲಿ ಸ್ಟೀಲಿನ ಕ್ಯಾನು ಹಿಡಿದು ಸಾಲಾಗಿ ನಿಂತಿದ್ದರು. ನೆಲ ಸಮವಾಗಿದ್ದುದರಿಂದ ಪೆಡಲು ತನ್ನಷ್ಟಕ್ಕೆ ತಾನು ತಿರುಗುತ್ತಿತ್ತು. ಆಯಾಸವೆಂಬುದು ಇನ್ನೂ ಬೇರೆಯವರ ಮಾತಾಗಿತ್ತು.

ದಾರಿಯ ಮಗ್ಗುಲಲ್ಲಿ ಒಂದು ಆಲೆಮನೆಯಿಂದ ಹೊಗೆಯೇಳುತ್ತಿತ್ತು. ಆ ವಾಸನೆಯನ್ನು ಮೀರಿ ಮುಂದಕ್ಕೆ ಹೋಗುವುದು ಯಾವ ಸವಾರನಿಗೂ ಸಾಧ್ಯವಲ್ಲ. ಗಾಣದಲ್ಲಿ ಹಿಂಡಿದ ಹಾಲು ಕೊಪ್ಪರಿಗೆಯಲ್ಲಿ ಕುದಿಯುತ್ತದೆ. ಸುಣ್ಣ ಹಾಕಿ ಮಡ್ಡಿಯನ್ನು ತೆಗೆಯುತ್ತಾರೆ. ಹಿಂಡಿ ಉಳಿದ ಸಿಪ್ಪೆಯೇ ಒಣಗಿ ಒಲೆಗೆ ಸೌದೆಯಾಗುತ್ತದೆ. ಪಾಕದ ಹದವನ್ನು ಕಣ್ಣಳತೆಯಿಂದಲೇ ತಿಳಿದು ಇಳಿಸುವವನು ಅಲ್ಲಿಯ ಪಂಡಿತ. ಒಂದು ನಿಮಿಷ ತಪ್ಪಿದರೆ ಅಚ್ಚು ನಿಲ್ಲುವುದಿಲ್ಲ. ಹತ್ತು ಟನ್ನು ಕಬ್ಬನ್ನು ಹಿಂಡಿದರೆ ಸುಮಾರಾಗಿ ಒಂದು ಟನ್ನು ಬೆಲ್ಲವಾಗುತ್ತದೆ. ಅಲ್ಲಿದ್ದವರು ಒಂದು ಲೋಟ ಕಬ್ಬಿನ ಹಾಲನ್ನು ಕೊಟ್ಟು, ದುಡ್ಡನ್ನು ತೆಗೆದುಕೊಳ್ಳಲಿಲ್ಲ. ನೀರಿರುವ ಸೀಮೆಯ ಕೈ ಧಾರಾಳವಾದುದು.

ಈ ಧಾರಾಳಕ್ಕೆ ಮೂಲವಾದ ಕಾಲುವೆಯು ಪಾಂಡವಪುರದ ಸಮೀಪದಲ್ಲಿ ಎದುರಾಗುತ್ತದೆ. ಕನ್ನಂಬಾಡಿಯಲ್ಲಿ ಕಾವೇರಿಗೆ ಕಟ್ಟೆ ಹಾಕುವ ಕೆಲಸವು 1911ರಲ್ಲಿ ಮೊದಲಾಗಿ 1931ರ ಹೊತ್ತಿಗೆ ಮುಗಿಯಿತು. ಸಿಮೆಂಟಿನ ಬದಲು ಸುಣ್ಣವನ್ನೂ ಸುಟ್ಟ ಇಟ್ಟಿಗೆಯ ಪುಡಿಯನ್ನೂ ಬೆರೆಸಿದ ಸುರ್ಕಿಗಾರೆಯಿಂದ ಕಟ್ಟಿದ ಆ ಕಟ್ಟೆಯು 124.80 ಅಡಿ ತುಂಬಿದಾಗ ಸುಮಾರು 49 ಟಿ.ಎಂ.ಸಿ. ನೀರನ್ನು ಹಿಡಿಯುತ್ತದೆ. ಅಲ್ಲಿಂದ ಹೊರಟ ದೊಡ್ಡ ಕಾಲುವೆಗೆ ಮೊದಲು ಇರ್ವಿನ್ ಎಂಬ ವೈಸರಾಯರ ಹೆಸರಿತ್ತು. ಈಗ ವಿಶ್ವೇಶ್ವರಯ್ಯನವರ ಹೆಸರಿದೆ. ಹುಲಿಕೆರೆಯ ಬಳಿ ಗುಡ್ಡವನ್ನೇ ಕೊರೆದು ಸುರಂಗದಲ್ಲಿ ಅದನ್ನು ಹಾಯಿಸಿದ್ದಾರೆ. ಅದರ ಹಿಂದೆಯೇ 1933ರಲ್ಲಿ ಮಂಡ್ಯದ ಸಕ್ಕರೆಯ ಕಂಪನಿಯು ಹುಟ್ಟಿತು. 1939ರಲ್ಲಿ ಮಂಡ್ಯವು ಬೇರೆ ಜಿಲ್ಲೆಯಾಯಿತು. ಒಂದು ಕಾಲುವೆಯು ಒಂದು ಜಿಲ್ಲೆಯನ್ನೇ ಹೆತ್ತಿತೆಂದರೆ ಅತಿಶಯೋಕ್ತಿಯಾಗಲಾರದು.

ಸೇತುವೆಯ ಬಳಿ ಆ ಗೃಹಸ್ಥರು ಇಳಿದು ನಿಂತರು. ನೀರು ಸದ್ದಿಲ್ಲದೆ, ಅವಸರವಿಲ್ಲದೆ ಸಾಗುತ್ತಿತ್ತು. ಈ ಸೌಮ್ಯತೆಯನ್ನು ನೆಚ್ಚಬಾರದು. 2018ರ ನವೆಂಬರ್ 24ರಂದು ಇದೇ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ಈ ಕಾಲುವೆಗೆ ಉರುಳಿ 30 ಮಂದಿ ತೀರಿಕೊಂಡರು. ಶಾಲೆಯಿಂದ ಮನೆಗೆ ಬರುತ್ತಿದ್ದ ಮಕ್ಕಳೂ ಅವರಲ್ಲಿದ್ದರು. ಕಾಲುವೆಯ ಕೆಳಗಿನ ಬಾಳಿನಲ್ಲಿ ಕೇಡು ಇಲ್ಲವೆಂದು ದಾರಿಹೋಕನು ತಿಳಿಯುವುದೂ ತಪ್ಪಾದೀತು. ಕಬ್ಬು ಗದ್ದೆಯಲ್ಲಿ ಹನ್ನೆರಡು ತಿಂಗಳು ನಿಲ್ಲುವ ಬೆಳೆ. ಅದಕ್ಕೆ ಹಾಕಿದ ಸಾಲವೂ ಅಷ್ಟು ಕಾಲ ಬಡ್ಡಿಯೊಡನೆ ನಿಲ್ಲುತ್ತದೆ. 2015ರಲ್ಲಿ ಈ ಜಿಲ್ಲೆಯ ಕಬ್ಬಿನ ಬೆಳೆಗಾರರ ಆತ್ಮಹತ್ಯೆಗಳ ಸುದ್ದಿಯು ನಾಡನ್ನೇ ಕಲಕಿತು. 2023ರಲ್ಲಿ ಮುಂಗಾರು ಕೈಕೊಟ್ಟು ಕಟ್ಟೆಯು ತುಂಬಲಿಲ್ಲ. ಕಾಲುವೆಯ ರೈತನೂ ಮುಗಿಲು ನೋಡುವಂತಾಯಿತು. ಕೊಡಗಿನಲ್ಲಿ ಮಳೆ ಬಿದ್ದರಲ್ಲವೆ ಕಾವೇರಿ? ಆದ್ದರಿಂದ ನದೀಮಾತೃಕವೆಂಬ ನಾಡಿಗೆ ತಾಯಿ ನದಿಯಾದರೂ ಅಜ್ಜಿ ಮಳೆಯೇ.

ಕಾಲುವೆಯನ್ನು ದಾಟಿದೊಡನೆಯೇ ಹಸುರು ಮುಗಿದುಹೋಗುವುದಿಲ್ಲ. ಕೊಳವೆಬಾವಿಗಳಿವೆ, ಕೆರೆಗಳಿವೆ. ಪಾಂಡವಪುರವನ್ನು ಬಿಟ್ಟ ಮೇಲೆ ಕುಂತಿಬೆಟ್ಟದ ಬಂಡೆಗಳನ್ನು ನೋಡುತ್ತ ಮುಂದೆ ಸಾಗಿ ಪಕ್ಕದ ದಾರಿಯನ್ನು ಹಿಡಿದರೆ ತೊಣ್ಣೂರಿನ ಕೆರೆ ಸಿಕ್ಕುತ್ತದೆ. ಇದು ಹನ್ನೆರಡನೆಯ ಶತಮಾನದಲ್ಲಿ ರಾಮಾನುಜಾಚಾರ್ಯರು ಕಟ್ಟಿಸಿದ್ದೆಂದು ಪ್ರತೀತಿ. ಮೋತಿ ತಲಾಬ್, ಎಂದರೆ ಮುತ್ತಿನ ಕೆರೆ ಎಂಬ ಇನ್ನೊಂದು ಹೆಸರೂ ಇದಕ್ಕುಂಟು. ಎರಡು ಬಂಡೆಗುಡ್ಡಗಳ ನಡುವೆ ಒಂದು ಏರಿ, ಅಷ್ಟೆ. ಪೂರ್ವಿಕರು ಗುಡ್ಡಗಳೇ ಮುಕ್ಕಾಲು ಕಟ್ಟಿಕೊಟ್ಟಿದ್ದ ಕೆರೆಯನ್ನು ಕಂಡುಹಿಡಿದು, ಉಳಿದ ಕಾಲನ್ನು ತಾವು ಕಟ್ಟಿದರು. ಇಳಿದು ಓಡುವ ಮಳೆಯ ನೀರಿಗೆ, ಸ್ವಲ್ಪ ನಿಂತು ಹೋಗು ಎಂದು ಹೇಳಿದ ಹಾಗೆ ಆ ಏರಿ ಇದೆ. ಗೃಹಸ್ಥರು ಏರಿಯ ಮೇಲೆ ಕುಳಿತು, ಮನೆಯಿಂದ ಕಟ್ಟಿಕೊಂಡು ಬಂದಿದ್ದ ಬುತ್ತಿಯನ್ನು ಬಿಚ್ಚಿದರು. ಹೊತ್ತು ಹತ್ತು ಗಂಟೆಯಾಗಿತ್ತು. ಅಲ್ಲಿಯವರೆಗಿನ ಪ್ರಯಾಣಕ್ಕೆ ವಿನೋದವೆಂಬ ಹೆಸರು ಸಲ್ಲುತ್ತದೆ.

ಮುಂದಿನದಕ್ಕೆ ಸಲ್ಲುವುದಿಲ್ಲ. ಮತ್ತೆ ಹೆದ್ದಾರಿಯನ್ನು ಸೇರಿ ಜಕ್ಕನಹಳ್ಳಿಯ ಕಡೆಗೆ ಹೊರಟ ಮೇಲೆ ಪೆಡಲಿಗೆ ಭಾರ ಬಂತು. ಕಣ್ಣಿಗೆ ರಸ್ತೆಯು ಸಮವಾಗಿಯೇ ಕಾಣುತ್ತಿತ್ತು. ಗಾಳಿ ಇಳಿದಿದೆಯೋ ಎಂದು ಅವರು ಎರಡು ಸಲ ನಿಂತು ಟೈರನ್ನು ಒತ್ತಿ ನೋಡಿದರು. ಗಾಳಿ ಸರಿಯಾಗಿಯೇ ಇತ್ತು. ಮೂರನೆಯ ಸಲ ತಲೆಯೆತ್ತಿ ಸುತ್ತಲೂ ನೋಡಿದಾಗ ವಿಷಯವು ತಿಳಿಯಿತು. ಗದ್ದೆ ಹಿಂದೆ ಉಳಿದಿತ್ತು; ಹೊಲ ಬಂದಿತ್ತು. ಮಣ್ಣಿನ ಬಣ್ಣ ಕೆಂಪಾಗಿತ್ತು. ರಾಗಿ ಕೊಯ್ದ ಹೊಲಗಳಲ್ಲಿ ಅಕ್ಕಡಿಸಾಲಿನ ಅವರೆ ಮಾತ್ರ ನಿಂತು, ಇಬ್ಬನಿ ಆರಿದ ಮೇಲೂ ಸೊಗಡನ್ನು ಬೀರುತ್ತಿತ್ತು. ಅಲ್ಲಲ್ಲಿ ಮೆದೆಗಳು, ಕಾಯುವ ನಾಯಿ, ಹುಣಿಸೆಮರ. ನೆಲವು ಏರುತ್ತಿದೆಯೆಂದು ಕಾಲು ಹೇಳಿತ್ತು; ನೀರು ಹಿಂದಾಯಿತೆಂದು ಕಣ್ಣು ಹೇಳಿತು. ಎರಡೂ ಒಂದೇ ಮಾತು. ಲೆಕ್ಕಪತ್ರಗಳಲ್ಲಿ ತರಿ, ಖುಷ್ಕಿ ಎಂದು ಎರಡು ಕಲಮುಗಳಾಗಿ ಕಾಣುವ ಭೇದವು ತೊಡೆಯ ನೋವಾಗಿ ಅರಿವಿಗೆ ಬಂದದ್ದು ಆ ಗೃಹಸ್ಥರಿಗೆ ಅಂದೇ ಮೊದಲು.

ಒಂದು ಊರಿನ ಮುಂದೆ ಹುರುಳಿಯ ಬಳ್ಳಿಯನ್ನು ರಸ್ತೆಯ ಅಗಲಕ್ಕೂ ಹರಡಿದ್ದರು. ಕಣ ಮಾಡಿ, ಸಗಣಿ ಸಾರಿಸಿ, ಎತ್ತು ಕಟ್ಟಿ ಗುಂಡು ಹೊಡೆಸುವ ಕಾಲವು ಬಹುಮಟ್ಟಿಗೆ ಹೋಯಿತು. ಈಗ ಹಾದುಹೋಗುವ ಬಸ್ಸು ಲಾರಿಗಳೇ ಒಕ್ಕಣೆ ಮಾಡಿಕೊಡುತ್ತವೆ. ಸರಪಣಿಗೂ ಕಡ್ಡಿಗಳಿಗೂ ಹುರುಳಿಯ ಬಳ್ಳಿಯು ಸುತ್ತಿಕೊಂಡರೆ ಸವಾರನು ನೆಲ ಹಿಡಿಯಬೇಕಾದೀತು. ದಂಡೆಯಲ್ಲಿ ಕುಳಿತಿದ್ದ ಮುದುಕಿಯೊಬ್ಬಳು ಕೈಯೆತ್ತಿ, "ಇಳ್ಕಂಡು ನಡಿಯಪ್ಪಾ, ಹುಳ್ಳಿ ಚಕ್ರುಕ್ಕೆ ಸುತ್ಕತದೆ" ಎಂದಳು. ಇವರು ಇಳಿದು ತಳ್ಳಿಕೊಂಡು ಹೋಗುತ್ತಿರಲು, ಬೆವರಿದ ಮುಖವನ್ನು ನೋಡಿ, "ಬಸ್ಸಿಗೆ ಕಾಸಿರ್ನಿಲ್ವಾ ಮಗಾ?" ಎಂದು ಮರುಕದಿಂದ ಕೇಳಿದಳು. ಇತ್ತೆಂದು ಹೇಳಲು ಅವರಿಗೆ ನಾಚಿಕೆಯಾಯಿತು. ಕಾಸಿದ್ದೂ ಕಷ್ಟಪಡುವುದು ಆ ಊರಿನಲ್ಲಿ ಅರ್ಥವಾಗುವ ಸಂಗತಿಯಲ್ಲ.

ಹಳ್ಳಿಯನ್ನು ಮುಟ್ಟಿದಾಗ ನಡುಹಗಲು. ಬೆಟ್ಟದ ನೆತ್ತಿಯ ಯೋಗಾನರಸಿಂಹನ ಗೋಪುರವು ಬಿಸಿಲಿನಲ್ಲಿ ಕಾಣುತ್ತಿತ್ತು. ದೊಡ್ಡಪ್ಪನ ಮಗನು ವಯಸ್ಸಿನಲ್ಲಿ ಇವರಿಗಿಂತ ಹತ್ತು ವರ್ಷ ಹಿರಿಯ. ಬೈಸಿಕಲ್ಲನ್ನು ಕಂಡು ಗುರುತು ಹಿಡಿದು, "ಅಪ್ಪಯ್ಯ ಕೊಡ್ಸಿದ್ದಲ್ವಾ ತಮ್ಮಯ್ಯಾ ಇದು?" ಎಂದು ಹ್ಯಾಂಡಲನ್ನು ಸವರಿದನು. ಕೈಕಾಲು ತೊಳೆದು, ಮುದ್ದೆಯನ್ನೂ ಅವರೆಕಾಳಿನ ಸಾರನ್ನೂ ಉಂಡ ಮೇಲೆ ಇಬ್ಬರೂ ಹೊಲದ ಕಡೆಗೆ ನಡೆದರು.

ರಾಗಿಯ ಮಾತು ಬಂತು. ಆ ಹೊಲದಲ್ಲಿ ಇವರ ತಂದೆಯವರು ಬಹುಕಾಲ ಬಿತ್ತುತ್ತಿದ್ದದ್ದು ಇಂಡಾಫ್ ರಾಗಿ. ಮಂಡ್ಯದ ವಿ.ಸಿ. ಫಾರಮ್ಮಿನಲ್ಲಿ ದುಡಿದ ಲಕ್ಷ್ಮಣಯ್ಯನವರು ಇಂಡಿಯದ ತಳಿಗೂ ಆಫ್ರಿಕದ ತಳಿಗೂ ನಂಟನ್ನು ಬೆಳೆಸಿ, ಎರಡು ಹೆಸರುಗಳನ್ನೂ ಕೂಡಿಸಿ ಇಟ್ಟ ಹೆಸರು ಅದು. ಸಾಸುವೆಗಿಂತ ಸಣ್ಣದಾದ ಕಾಳಿನ ಹೂವನ್ನು ಬಿಡಿಸಿ ಬೆರಕೆ ಮಾಡುವುದು ಎಂಥ ತಾಳ್ಮೆಯ ಕೆಲಸವೆಂಬುದನ್ನು ಊಹಿಸಬಹುದು. ಫಾರಮ್ಮಿನ ಹೆಸರಿನಲ್ಲಿರುವ ವಿ.ಸಿ. ಎಂಬ ಅಕ್ಷರಗಳು ವಿಶ್ವೇಶ್ವರಯ್ಯ ಕಾಲುವೆಯನ್ನು ಹೇಳುತ್ತವೆ. ಕಾಲುವೆಯ ನೀರು ಹತ್ತಲಾರದ ಹೊಲಕ್ಕೆ ಕಾಲುವೆಯ ಹೆಸರಿನ ಫಾರಮ್ಮಿನಿಂದ ಬೀಜವು ಹತ್ತಿ ಬಂತು. ಮೇಲಣವನಿಗೆ ಕೆಳಗಣ ಸೀಮೆಯಿಂದ ಸಂದ ಉಪಕಾರಗಳಲ್ಲಿ ಇದನ್ನು ಮುಖ್ಯವಾಗಿ ಎಣಿಸಬೇಕು.

ಹೊಲವು ಇಳಿಜಾರಿನಲ್ಲಿತ್ತು. ಎರಡು ಎಕರೆಯಲ್ಲಿ ನಾಲ್ಕು ಬದುಗಳು. ಮೇಲಿನ ಬದುವಿನ ಮೇಲೆ ಒಂದು ಹೊಂಗೆಮರ. ಅದರ ನೆರಳಿನಲ್ಲಿ ಇಬ್ಬರೂ ಕುಳಿತರು. ಮಾರಾಟದ ಸುದ್ದಿಯನ್ನು ಹೇಗೆ ತೆಗೆಯುವುದೆಂದು ಇವರು ಯೋಚಿಸುತ್ತಿರುವಷ್ಟರಲ್ಲಿ ಅವನೇ ತೆಗೆದನು.

"ಗೊತ್ತಾಗದೆ ಕಣ್ ತಮ್ಮಯ್ಯಾ, ಅವ್ರೇ ಬಂದು ನೋಡ್ಕಂಡು ಹೋದ್ರು. ಮಾರೋದು ಬುಡೋದು ನಿಮ್ಮಿಷ್ಟ, ನಂದೇನೂ ತಕರಾರಿಲ್ಲ. ಎಲ್ಲಾನೂ ಒಂದೇ ಸಮ ಮಾಡಿ ಮನೆ ಕಟ್ತಾರಂತೆ. ಒಂದ್ ಮಾತ್ ಮಾತ್ರ ಅವ್ರಿಗೆ ಹೇಳ್ಬುಡಿ. ಬದ ಕೀಳ್ಬ್ಯಾಡಿ ಅನ್ನಿ. ಇದು ಹೋದ್ರೆ ಕೆಳಗ್ಲ ಮೂರ್ ಮನೆಯೋರ ಮಣ್ಣು ಹಳ್ಳುಕ್ಕೋಯ್ತದೆ."

ಒಂದು ಬದುವಿನಿಂದ ಅಷ್ಟೆಲ್ಲ ಆದೀತೆ ಎಂದು ಇವರು ಕೇಳಿದರು. ಅವನು ನಕ್ಕು, ಮರಕ್ಕೆ ಒರಗಿಸಿದ್ದ ಬೈಸಿಕಲ್ಲನ್ನು ತೋರಿಸಿದನು.

"ಬಿರಿಕಿಲ್ದೆ ಇಳಿದೀಯಾ ಇಳಿಜಾರ್ನ? ಇಳಿಯಾಕಿಲ್ಲ. ಹಂಗೇಯ ಇದು."

ಆ ಬದುಗಳನ್ನು ಹಾಕಿದವರು ಇವರ ತಾತ. ಅದಕ್ಕೆ ದಾಖಲೆಯಿಲ್ಲ, ಕ್ರಯಪತ್ರದಲ್ಲಿ ಅದಕ್ಕೆ ಬೆಲೆಯೂ ಇಲ್ಲ. ಎಕರೆ ಗುಂಟೆಗಳು ಬರೆಯಲ್ಪಡುತ್ತವೆ, ಚೆಕ್ಕುಬಂದಿ ಬರೆಯಲ್ಪಡುತ್ತದೆ, ಮರಗಳ ಎಣಿಕೆ ಕೂಡ ಬಂದೀತು. ಮಳೆಯ ನೀರನ್ನು ಒಂದೊಂದು ಪಟ್ಟಿಯಲ್ಲಿ ನಿಲ್ಲಿಸಿ, ಮಣ್ಣಿಗೆ ಕುಡಿಸಿ, ಮಿಕ್ಕದ್ದನ್ನು ಮೆಲ್ಲನೆ ಕೆಳಗಿನವನಿಗೆ ದಾಟಿಸುವ ಏರ್ಪಾಡು ಯಾವ ಕಲಮಿಗೂ ಸೇರುವುದಿಲ್ಲ. ರಾಜ್ಯದ ಭೂಸುಧಾರಣೆಯ ಕಾಯಿದೆಗೆ 2020ರಲ್ಲಿ ತಿದ್ದುಪಡಿಯಾಗಿ, ಬೇಸಾಯಗಾರರಲ್ಲದವರೂ ಹೊಲವನ್ನು ಕೊಳ್ಳಬಹುದೆಂದಾಯಿತು. ಕೊಳ್ಳುವವರೆಲ್ಲ ಕೆಟ್ಟವರೆಂದು ಯಾರೂ ಹೇಳಲಾರರು. ಮಾರುವವರ ಕಷ್ಟವೂ ಸುಳ್ಳಲ್ಲ. ಆದರೆ ಇಳಿಜಾರಿನ ಹೊಲವು ಒಬ್ಬನ ಸೊತ್ತಾಗಿದ್ದರೂ ಅದರ ಬದುವು ನಾಲ್ವರ ಸೊತ್ತು. ಗದ್ದೆಯ ಸೀಮೆಯಲ್ಲಿ ಸರ್ಕಾರವು ಕಟ್ಟೆ ಕಟ್ಟಿತು. ತೊಣ್ಣೂರಿನಲ್ಲಿ ಹಿಂದಿನವರು ಏರಿ ಕಟ್ಟಿದರು. ಕಟ್ಟೆಯೂ ಕೆರೆಯೂ ಒದಗದ ಈ ಹೊಲಗಳಲ್ಲಿ ಹೆಸರಿಲ್ಲದ ರೈತನು ಗುದ್ದಲಿ ಹಿಡಿದು ಮೊಳಕಾಲೆತ್ತರದ ಮಣ್ಣನ್ನು ಒಟ್ಟಿದನು. ಮೂರೂ ಒಂದೇ ಇಳಿಜಾರಿಗೆ ಮನುಷ್ಯನು ಕೊಟ್ಟ ಉತ್ತರಗಳು. ಮೊದಲಿನೆರಡನ್ನು ನೋಡಲು ಪ್ರವಾಸಿಗಳು ಬರುತ್ತಾರೆ. ಮೂರನೆಯದನ್ನು ತುಳಿದುಕೊಂಡು ಹೋಗುತ್ತಾರೆ.

ಹಿಂದಿರುಗುವ ದಾರಿಯು ಬಹುಮಟ್ಟಿಗೆ ಇಳಿಜಾರು. ಬೆಳಗ್ಗೆ ತೊಡೆಯನ್ನು ಹಿಂಡಿದ ರಸ್ತೆಯೇ ಸಂಜೆ ಬೈಸಿಕಲ್ಲನ್ನು ತಾನಾಗಿ ಹೊತ್ತು ತಂದಿತು. ಪೆಡಲನ್ನು ಮುಟ್ಟದೆ ಫರ್ಲಾಂಗುಗಟ್ಟಲೆ ಸಾಗುತ್ತಿದ್ದಾಗ, ಪಕ್ಕದ ಕೊರಕಲಿನಲ್ಲಿ ಹಿಂದಿನ ಮಳೆಗಾಲವು ಹೊತ್ತು ತಂದು ಗುಡ್ಡೆಹಾಕಿದ ಕೆಂಪು ಮಣ್ಣು ಅವರ ಕಣ್ಣಿಗೆ ಬಿತ್ತು. ಬೆಳಗ್ಗೆಯೂ ಅದು ಅಲ್ಲಿಯೇ ಇದ್ದಿರಬೇಕು, ಆಗ ಕಂಡಿರಲಿಲ್ಲ. ಬ್ರೇಕಿನ ಮೇಲೆ ಅವರ ಬೆರಳು ತಾನಾಗಿ ಬಿಗಿಯಿತು. ಜಕ್ಕನಹಳ್ಳಿ, ಪಾಂಡವಪುರ, ಕಾಲುವೆ, ಕಬ್ಬು, ಬತ್ತ ಎಲ್ಲವೂ ಒಂದೊಂದಾಗಿ ಎದುರಿಗೆ ಬಂದು ಹಿಂದೆ ಸರಿದುವು. ಹಾದಿಯಲ್ಲಿ ಶಾಲೆಯ ಬೈಸಿಕಲ್ಲಿನ ಮೇಲೆ ಹುಲ್ಲಿನ ಹೊರೆಯನ್ನಿಟ್ಟು ತಳ್ಳಿಕೊಂಡು ಹೋಗುವ ರೈತನೊಬ್ಬನು ಸಿಕ್ಕಿದನು. 2006ರಿಂದ ಕೆಲವು ವರ್ಷಗಳು ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲುಗಳನ್ನು ಕೊಟ್ಟಿತ್ತು. ಮಕ್ಕಳು ಓದಿ ಊರು ಬಿಟ್ಟ ಮೇಲೂ ಅವು ಹೊಲದ ಕೆಲಸಕ್ಕೆ ನಿಂತಿವೆ. ಶ್ರೀರಂಗಪಟ್ಟಣದಲ್ಲಿ ದೀಪ ಹತ್ತಿತ್ತು. ಮೈಸೂರಿನ ಮನೆಯ ಮೆಟ್ಟಿಲನ್ನು ಹತ್ತುವಾಗ, ಅದೂ ಒಂದು ಏರೆಂಬುದನ್ನು ಮೊಳಕಾಲು ನೆನಪಿಸಿತು.

ರಾತ್ರಿ ಅವರು ಅಣ್ಣನವರಿಗೆ ಟೆಲಿಫೋನು ಮಾಡಿ, ಪತ್ರದ ಮಾತನ್ನು ಯುಗಾದಿಯವರೆಗೆ ತಡೆಯಬೇಕೆಂದೂ, ಅಷ್ಟರಲ್ಲಿ ಇಬ್ಬರೂ ಕೂಡಿ ಹೋಗಿ ಬದುಗಳ ಮೇಲೆ ಒಮ್ಮೆ ನಡೆದು ಬರಬೇಕೆಂದೂ ಹೇಳಿದರು. ಮಾರುವುದೇ ಆದರೆ, ಬದುವನ್ನು ಉಳಿಸಿಕೊಳ್ಳುವವರಿಗೆ, ಬೆಲೆ ಸ್ವಲ್ಪ ಕಡಮೆಯಾದರೂ ಸರಿ ಎಂದರು. ಅಣ್ಣನವರು ಸಿಡುಕಿದರು. ಬಂದ ಗಿರಾಕಿ ಕಾಯುವುದಿಲ್ಲವೆಂದರು. ಮಗಳ ಮದುವೆಯ ಖರ್ಚನ್ನು ಎತ್ತಿ ಹೇಳಿದರು. ಅದೆಲ್ಲವೂ ನಿಜವೇ ಆಗಿತ್ತು, ಇವರು ಎದುರಾಡಲಿಲ್ಲ. ಸ್ವಲ್ಪ ಹೊತ್ತು ಇಬ್ಬರಲ್ಲಿ ಯಾರೂ ಮಾತನಾಡಲಿಲ್ಲ. ಆಮೇಲೆ ಅಣ್ಣನವರೇ, ಮೇಲಿನ ಬದುವಿನ ಹೊಂಗೆಮರ ಇನ್ನೂ ಇದೆಯೇ ಎಂದು ಕೇಳಿದರು.